ನಾಲ್ಕು ಕಾಲಿನ ಮೀನಿಗೆ ಎಣ್ಣೆನೀರು

ಹೆಬ್ಬೂರು ದಾಟಿದ ಮೇಲೆ

ಪರದೇಶಕ್ಕೆ ಹೋಗಿಬಂದವರು ಮೊದಲು ವಿಮಾನದ ಕಥೆ ಹೇಳುತ್ತಾರೆ. ನಾನು ಕಲ್ಲಿನಿಂದ ಶುರುಮಾಡುತ್ತೇನೆ. ಏಕೆಂದರೆ ನನಗಿಂತ ಮೊದಲು ಹೋದದ್ದು ಕಲ್ಲು.

ತುಮಕೂರಿನಿಂದ ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಕಲ್ಲು ಕ್ವಾರಿ. ನಾನು ಹುಟ್ಟಿದ್ದು ಗುಬ್ಬಿಯಲ್ಲಿ, ಉಂಡು ಓದಿದ್ದು ಮಠದ ಹಾಸ್ಟೆಲಿನಲ್ಲಿ. ವ್ಯಾಪಾರ ಕಲಿತದ್ದು ಮಾತ್ರ ಬೀದಿಯಲ್ಲಿ. ಎಪ್ಪತ್ತರ ದಶಕವೆಲ್ಲ ಬೇಲಿಕಂಬ, ಮೆಟ್ಟಿಲು, ಒರಳು ಮಾರಿದೆ. ಎಂಬತ್ತರ ಹೊತ್ತಿಗೆ ಬಟವಾಡಿಯಲ್ಲಿ ಹೈವೇ ಪಕ್ಕ ಸ್ವಂತ ಯಾರ್ಡು ಮಾಡಿಕೊಂಡೆ. ಆಗಲೇ ಹ್ಯಾಂಬರ್ಗಿನ ವ್ಯಾಪಾರಿಯೊಬ್ಬ ಮದರಾಸಿನ ಏಜೆಂಟರ ಕೈಹಿಡಿದು ನಮ್ಮ ಕ್ವಾರಿಗೆ ಬಂದದ್ದು. ಅವನು ಕೊಳ್ಳುತ್ತಿದ್ದುದು ಸಮಾಧಿ ಕಲ್ಲು. ಒಂದು ಸಲ ಮಾತ್ರ ಬೇರೆ ಥರದ ಆರ್ಡರು ತಂದ. ದೊಡ್ಡದೊಂದು ಬೂದು ಬಣ್ಣದ ಬಂಡೆ ಬೇಕು, ಕೊಯ್ಯಬಾರದು, ಪಾಲಿಶ್ ಮಾಡಬಾರದು, ಬಿಸಿಲಿಗೆ ಮಾಗಿದ ಮೇಲ್ಮೈ ಹಾಗೆಯೇ ಇರಬೇಕು ಅಂದ.

ಡೆನ್ಮಾರ್ಕಿನ ಸಮುದ್ರದ ದಡದಲ್ಲಿರುವ ಒಂದು ಚಿಕ್ಕ ಊರಿಗಂತೆ. ಕರೆನ್ ಎಂಬ ಶಿಲ್ಪಿ ಹೆಂಗಸು ಅದರಲ್ಲಿ ಒಂದು ಪ್ರಾಣಿ ಮಾಡುತ್ತಾಳೆ. ಕೋಟಿಗಟ್ಟಲೆ ವರ್ಷದ ಕೆಳಗೆ ನೀರು ಬಿಟ್ಟು ನೆಲಕ್ಕೆ ಹತ್ತಿದ, ನಾಲ್ಕು ಕಾಲಿನ ಮೀನು. ಅದರ ಮೂಳೆ ಸಿಕ್ಕಿದ್ದು ಅವರದೇ ಗ್ರೀನ್‌ಲ್ಯಾಂಡಿನಲ್ಲಿ. ಆದರೆ ಕೆತ್ತುವ ಕಲ್ಲು ಆ ಪ್ರಾಣಿಗಿಂತ, ಮೀನಿಗಿಂತ, ಹುಲ್ಲಿಗಿಂತ ಹಳೆಯದಾಗಿರಬೇಕು ಎಂದು ಆಕೆಯ ಹಟ. ಅಷ್ಟು ಹಳೆಯ ಕಲ್ಲು ನಮ್ಮ ಸೀಮೆಯಲ್ಲಿದೆ ಎಂದು ಯಾರೋ ಪಂಡಿತರು ಹೇಳಿದ್ದರಂತೆ. ನಮ್ಮ ಕಡೆ ಹಳೆಯ ಮಾಲು ಅಂದರೆ ರೇಟು ಇಳಿಯುತ್ತದೆ, ಇವರಿಗೆ ಹಳೆಯದೇ ಬೇಕು. ವ್ಯಾಪಾರಕ್ಕೆ ಕೂರುವ ತಮ್ಮಂದಿರಿಗೆ ಒಂದು ಮಾತು: ಕೊಳ್ಳುವವನು ಯಾಕೆ ಬೇಕು ಅಂತ ಪೂರ್ತಿ ಹೇಳಿ ಮುಗಿಸುವತನಕ ನೀವು ಬಾಯಿ ಬಿಡಬೇಡಿ.

ಕ್ವಾರಿಯಲ್ಲಿ ಆಳುಗಳಿಗೆ ಅಡಿಗೆ ಮಾಡುತ್ತಿದ್ದವಳು ನನ್ನಕ್ಕ ಗಂಗಮ್ಮ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಗುಬ್ಬಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಕೂಸಿಗೆ ಎಣ್ಣೆನೀರು ಹಾಕಲು ಕರೆಯುತ್ತಿದ್ದುದು ಅವಳನ್ನೇ. ಕ್ವಾರಿಯಿಂದ ದೊಡ್ಡ ಕಲ್ಲು ಹೊರಟರೆ ಅವಳದೊಂದು ಪದ್ಧತಿ ಇತ್ತು. ಲಾರಿಗೆ ಏರಿಸುವ ಮುಂಚೆ ಕಲ್ಲಿನ ತಲೆಗೆ ಹರಳೆಣ್ಣೆ ಹೊಯ್ದು, ಅರಿಶಿನ ಕುಂಕುಮ ಇಟ್ಟು, ಹಿಡಿ ಅಕ್ಕಿ ಹಾಕುವುದು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ. ಸಮಾಧಿ ಕಲ್ಲಾದರೆ ಮೇಲ್ಮೈಯನ್ನೆಲ್ಲ ಕೊಯ್ದು ಎಸೆಯುತ್ತಿದ್ದರು, ಎಣ್ಣೆಯೂ ಜೊತೆಗೆ ಹೋಗುತ್ತಿತ್ತು. ಈ ಕಲ್ಲು ತುಂಬ ದೂರ ಹೋಗುತ್ತದೆ ಎಂದು ಅಕ್ಕ ಎಣ್ಣೆಯನ್ನು ಧಾರಾಳವಾಗಿಯೇ ಹೊಯ್ದಿದ್ದಳು.

ಮುಂದಿನ ಬೇಸಿಗೆಯಲ್ಲಿ ಹ್ಯಾಂಬರ್ಗಿನಿಂದ ಟ್ರಂಕ್ ಕಾಲ್ ಬಂತು. ಶಿಲ್ಪ ಮುಗಿದಿದೆ, ಆದರೆ ಪ್ರಾಣಿಯ ತಲೆಯಿಂದ ಭುಜದವರೆಗೆ ಕರಿ ಕಲೆ. ಅಲ್ಲಿ ಕರೆನ್ ಕಲ್ಲಿನ ಮೇಲ್ಮೈಯನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದಳು. ಕಲ್ಲು ಕೆಟ್ಟಿದೆ ಎಂದು ಊರಿನ ಸಮಿತಿ ತಕರಾರು ತೆಗೆದಿದೆ. ಎರಡು ತಿಂಗಳ ಮೇಲೆ ಒಂದು ಶನಿವಾರ ಸಭೆ; ಅದರಲ್ಲಿ ಒಪ್ಪಿದರೆ ಪ್ರಾಣಿ ಬಂದರಿನ ಕಟ್ಟೆಗೆ, ಒಪ್ಪದಿದ್ದರೆ ಅಲ್ಲಿ ಒಂದು ಹಳೆ ಲಂಗರು ನಿಲ್ಲಿಸುತ್ತಾರೆ. ನೀನು ಬಂದು ಕಲ್ಲು ಕೆಟ್ಟಿಲ್ಲವೆಂದು ಒಪ್ಪಿಸು, ಮುಖ್ಯವಾಗಿ ಆ ಕಲ್ಲಿಗೆ ಏನು ಸುರಿದಿರಿ ಹೇಳು, ಎಂದ.

"ಅದು ನನಗೆ ಗೊತ್ತಿಲ್ಲ. ಗೊತ್ತಿರುವುದು ನನ್ನಕ್ಕನಿಗೆ ಮಾತ್ರ. ಅವಳೂ ಬರಬೇಕಾಗುತ್ತದೆ," ಎಂದೆ ನಾನು.

ಹೀಗೆ ಎರಡನೆಯ ಟಿಕೆಟ್ಟು ಹುಟ್ಟಿತು. ಫೋನು ಇಟ್ಟು ಅಕ್ಕನ ಹತ್ತಿರ ಹೋದೆ.

"ಅಕ್ಕ, ಆ ಕಲ್ಲಿಗೆ ಸುರಿದಿದ್ದು ಹರಳೆಣ್ಣೆ ತಾನೆ?"

"ಇನ್ನೇನ್ ಸುರೀತಾರೆ? ಯಾಕ್ಲಾ, ಕಮ್ಮಿ ಆಯ್ತಂತಾ?"

"ಕಲೆ ಬಿದ್ದದಂತೆ. ಬ್ಯಾಡ ಅಂತಾವ್ರೆ."

"ಬೀಗರು ಅಂದ್ಮೇಲೆ ಏನಾದ್ರೊಂದು ಕೊಂಕು ತೆಗೀದೇ ಇರ್ತಾರಾ. ನಡಿ, ಹೆಣ್ಣು ಕೊಟ್ಟ ಮನೆ ನಾನೂ ನೋಡ್ದಂಗಾಯ್ತದೆ."

ಹ್ಯಾಂಬರ್ಗ್

ಅಕ್ಕ ಅದುವರೆಗೆ ನೋಡಿದ್ದ ದೂರದ ಊರು ತಿರುಪತಿ. ವಿಮಾನದಲ್ಲಿ ಸೀಟು ಬೆಲ್ಟು ಕಟ್ಟಿದಾಗ, "ಬಿದ್ರೆ ಎಲ್ಲಾರೂ ಬೀಳ್ತೀವಿ, ಕಟ್ಟಿ ಏನ್ ಮಾಡ್ತಾರೆ," ಎಂದು ಒಂದು ಸಲ ಕೇಳಿ, ಆಮೇಲೆ ನಿದ್ದೆ ಹೋದಳು.

ಹ್ಯಾಂಬರ್ಗಿನ ಕಸ್ಟಮ್ಸಿನವರು ಅವಳ ಟ್ರಂಕು ತೆಗೆಸಿದರು. ರಾಗಿ ಹಿಟ್ಟು, ಹುಣಸೆಹಣ್ಣು, ಚಟ್ನಿಪುಡಿ, ವಿಭೂತಿ ಗಟ್ಟಿ, ಕಾಡಿಗೆ ಡಬ್ಬಿ. ಕೆಳಗೆ ನನ್ನ ಹೊಸ ಕೋಟಿನಲ್ಲಿ ಸುತ್ತಿಟ್ಟ ಹರಳೆಣ್ಣೆ ಬಾಟಲಿ. ಅವಳ ಮಂಡಿ ನೋವಿಗೆ ಅದಿಲ್ಲದೆ ಆಗುವುದಿಲ್ಲ. ಅಧಿಕಾರಿ ಬಾಟಲಿ ಎತ್ತಿದಾಗ ಮುಚ್ಚಳ ಸಡಿಲವಾಗಿತ್ತು. ನನ್ನ ಕೋಟಿನ ಬೆನ್ನಿಗೆ ಅಂಗೈಯಗಲ ಎಣ್ಣೆ.

ಅವರು ಬಾಟಲಿ ಮೂಸಿ ಇದೇನು ಎಂದು ಕೇಳಿದರು. ನಾನು ಇಂಗ್ಲಿಷ್ ಪದಕ್ಕೆ ತಡಕಾಡುವಷ್ಟರಲ್ಲಿ ಅಕ್ಕ ಸೀರೆಯನ್ನು ಮಂಡಿಯವರೆಗೆ ಎತ್ತಿ, ಒಂದು ತೊಟ್ಟು ಹಾಕಿ ತಿಕ್ಕಿ ತೋರಿಸಿದಳು. ಆಮೇಲೆ ಅವರ ಕೈಹಿಡಿದು ಹೆಬ್ಬೆರಳ ಬುಡಕ್ಕೂ ತಿಕ್ಕಿದಳು. ಅಧಿಕಾರಿ ಟ್ರಂಕು ತಾವೇ ಮುಚ್ಚಿ ಕೈಮುಗಿದರು. ಪ್ರಯಾಣಕ್ಕೆ ಹೊರಡುವವರು ಇದನ್ನು ಬರೆದಿಟ್ಟುಕೊಳ್ಳಿ: ಎಣ್ಣೆ ಬಾಟಲಿಯ ಬಾಯಿಗೆ ಮೇಣ ಹಚ್ಚಿ, ಅದನ್ನು ಬೇರೆಯವರ ಬಟ್ಟೆಯಲ್ಲಿ ಸುತ್ತಿ.

ಕಲೆ ಯಾವುದೆಂದು ವಿಚಾರಿಸಲು ಹೊರಟವನು ನಾನೇ ಬೆನ್ನ ಮೇಲೆ ಕಲೆ ಹೊತ್ತುಕೊಂಡು ರೈಲು ಹತ್ತಿದೆ.

ಬಂದರಿನ ಊರು: ಮಂಗಳವಾರ

ಡೆನ್ಮಾರ್ಕು ಚಪ್ಪಟೆ ದೇಶ. ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ಕಲ್ಲಿನ ವ್ಯಾಪಾರಿಗೆ ಇಂಥ ಕಡೆ ಎದೆ ಖಾಲಿ ಖಾಲಿ ಅನ್ನಿಸುತ್ತದೆ. ನಮ್ಮ ದೇವರಾಯನದುರ್ಗವನ್ನು ತಂದು ಅಲ್ಲಿಟ್ಟರೆ ಇಡೀ ದೇಶ ನೋಡಲು ಬಂದೀತು. ಊರು ಸೇರಿದಾಗ ಬೀಸುತ್ತಿದ್ದ ಗಾಳಿ ಮಾತ್ರ ನಮ್ಮ ಆಷಾಢದ ಗಾಳಿಯ ಅಣ್ಣನಂತಿತ್ತು. ಅದು ಅವರ ಬೇಸಿಗೆಯಂತೆ.

ಬಸ್ಸಿಳಿದು ಕರೆನ್ ಮನೆಗೆ ನಡೆಯುವ ದಾರಿಯಲ್ಲಿ ಒಂದು ಬೇಲಿಯ ಪಕ್ಕ ಮೇಜು, ಮೇಜಿನ ಮೇಲೆ ಆಲೂಗಡ್ಡೆ, ಸೌತೆಕಾಯಿ, ಒಂದು ತಗಡಿನ ಡಬ್ಬಿ. ಮಾರುವವರು ಯಾರೂ ಇಲ್ಲ. ಬೇಕಾದ್ದು ತೆಗೆದುಕೊಂಡು ದುಡ್ಡನ್ನು ಡಬ್ಬಿಗೆ ಹಾಕಿ ಹೋಗಬೇಕು. ನಾನು ನಿಂತೇ ನಿಂತೆ. ತುಮಕೂರಿನ ಮಂಡಿಯಲ್ಲಿ ಇಡೀ ದಿನ ನಿಂತು ಮಾತಾಡಿ ವ್ಯಾಪಾರ ಕುದುರಿಸಿದವನು ನಾನು. ಇಲ್ಲಿ ಯಾರ ಹತ್ತಿರ ಮಾತಾಡುವುದು?

"ಬಾರೋ, ಡಬ್ಬಿ ಜತೆ ಚೌಕಾಸಿ ಮಾಡ್ತೀಯಾ?" ಎಂದಳು ಅಕ್ಕ.

ಕರೆನಳದು ಕೆಂಪು ಹೆಂಚಿನ ಸಣ್ಣ ಮನೆ, ಪಕ್ಕದಲ್ಲಿ ಕೆಲಸದ ಕೊಟ್ಟಿಗೆ. ಅಂಗಳದಲ್ಲಿ ಒಂದು ಸೇಬಿನ ಮರ. ಅದರ ಕೆಳಗೆ ನಾಲ್ಕು ಚಕ್ರದ ತಳ್ಳುಬಂಡಿ. ಅಕ್ಕ ಇಣುಕಿ ನೋಡಿದಳು. ಒಳಗೆ ಐದಾರು ತಿಂಗಳ ಕೂಸು, ಒಂಟಿಯಾಗಿ, ಆ ಗಾಳಿಯಲ್ಲಿ ಮಲಗಿದೆ. ಮೂಗಿನ ತುದಿ ಕೆಂಪಗಾಗಿತ್ತು.

"ಅಯ್ಯೋ ಪಾಪಿಗಳಾ," ಎಂದವಳೇ ಕೂಸನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡು ಯಾರ ಮನೆಯೆಂದೂ ನೋಡದೆ ಒಳಗೆ ನುಗ್ಗಿದಳು. ಕೂಸು ಎಚ್ಚೆತ್ತು ಚೀರಿತು. ಕೊಟ್ಟಿಗೆಯಿಂದ ಎತ್ತರದ, ಹಳದಿ ಕೂದಲಿನ ಹೆಂಗಸೊಬ್ಬಳು ಮೈಯೆಲ್ಲ ಕಲ್ಲು ಪುಡಿ ಮೆತ್ತಿಕೊಂಡು ಓಡಿಬಂದು ಮಗುವನ್ನು ಕಿತ್ತುಕೊಂಡಳು. ಅವಳೇ ಕರೆನ್. ಮಗು ಅವಳದು, ಹೆಸರು ನೀಲ್ಸ್.

ತಣ್ಣನೆ ಗಾಳಿಯಲ್ಲಿ ಮಲಗಿದರೆ ಮಕ್ಕಳು ಗಟ್ಟಿಯಾಗುತ್ತವೆ, ನಮ್ಮಲ್ಲಿ ಎಲ್ಲ ಕೂಸುಗಳೂ ಹೊರಗೇ ಮಲಗುವುದು ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಕ್ಕನಿಗೆ ಹೇಳಿದೆ.

"ನಮ್ಮ ಕಲ್ಲಿಗೆ ಕಲೆ ಬಿತ್ತು ಅಂತ ಅಷ್ಟು ದೂರದಿಂದ ಕರೆಸಿದ್ಲು. ಹೆತ್ತ ಕೂಸ್ನ ಬೀದೀಲಿ ಬಿಟ್ಟವ್ಳೆ," ಎಂದಳು ಅಕ್ಕ. ಇದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಎಲ್ಲವನ್ನೂ ಭಾಷಾಂತರ ಮಾಡುವವನು ವ್ಯಾಪಾರ ಮಾಡಲಾರ.

ಬುಧವಾರ: ಸೀಮೆಸುಣ್ಣದ ಪಟ್ಟಿ

ಅಂಗಳದ ಇನ್ನೊಂದು ಮೂಲೆಯಲ್ಲಿದ್ದ ಪ್ರಾಣಿಯನ್ನು ಮಾರನೆಯ ಬೆಳಿಗ್ಗೆ ಸರಿಯಾಗಿ ನೋಡಿದೆ. ನಮ್ಮ ಕ್ವಾರಿಯ ಕಲ್ಲು ಎಂದು ಎದೆ ಉಬ್ಬಬೇಕಾಗಿತ್ತು. ಮೊದಲು ಅನ್ನಿಸಿದ್ದು, ಇದೇನು ಇಷ್ಟು ವಿಕಾರ ಎಂದು. ಎರಡೆಮ್ಮೆ ಉದ್ದ, ಕಪ್ಪೆಯ ಹಾಗೆ ಚಪ್ಪಟೆ ತಲೆ, ಮೀನಿನ ಬಾಲ, ಮೊಂಡು ಮೊಂಡು ಕಾಲು. ಮುಂಗಾಲೆರಡನ್ನೂ ನೆಲಕ್ಕೂರಿ ಮೈಯನ್ನು ಎತ್ತಲು ಹೆಣಗುತ್ತಿದೆ. ಹಿಂಭಾಗ ಇನ್ನೂ ಒರಟು ಕಲ್ಲಿನೊಳಗೇ, ಅಂದರೆ ನೀರಿನೊಳಗೇ ಇದೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಅದು ಎದ್ದೀತೋ ಬಿದ್ದೀತೋ ಎಂದು ಕೈ ಕೊಡಲು ನಾನೇ ಒಂದು ಹೆಜ್ಜೆ ಮುಂದಿಟ್ಟೆ. ಕುಣಿಗಲ್ಲಿನಲ್ಲಿ ಆಗ ತಾನೆ ಹುಟ್ಟಿದ ಕುದುರೆ ಮರಿ ಎದ್ದು ನಿಲ್ಲುವುದನ್ನು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ.

ಆದರೆ ಕಲೆ ಎದ್ದು ಕಾಣುತ್ತಿತ್ತು. ನೆತ್ತಿಯಿಂದ ಕೆನ್ನೆಗಿಳಿದು ಎಡ ಭುಜದವರೆಗೆ, ಯಾರೋ ಹಂಡೆ ಮಸಿ ಎರಚಿದ ಹಾಗೆ.

ಹರಳೆಣ್ಣೆ ಎಂದು ತಿಳಿದ ಮೇಲೆ ಕರೆನ್ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ, ಗಾಯಕ್ಕೆ ಹಾಕುವಂತೆ ದಪ್ಪನೆ ಪಟ್ಟಿ ಹಾಕಿದಳು. ಅದು ಒಣಗುವಾಗ ಎಣ್ಣೆಯನ್ನು ಹೀರಬೇಕು. ಸಂಜೆಗೆ ಪಟ್ಟಿ ಉದುರಿತು. ಕಲೆ ಒಂಚೂರು ತಿಳಿಯಾಯಿತು, ಅಷ್ಟೆ.

ಆಗ ಬಂದವರು ಸಮಿತಿಯ ಮುಖ್ಯಸ್ಥ ಹೋಲ್ಗರ್. ಬಂದರಿನ ಮುದುಕ, ಜೀವನವಿಡೀ ದೋಣಿ ನಡೆಸಿದವರು. ಗಡ್ಡ ಬಿಟ್ಟರೆ ಮುಖದಲ್ಲಿ ಏನೂ ಅಲುಗುತ್ತಿರಲಿಲ್ಲ. ಕಲೆಯನ್ನು ಮುಟ್ಟಿ, ಬೆರಳು ಮೂಸಿ, ಏನೋ ಹೇಳಿದರು.

"ಮಚ್ಚೆ ಬಿದ್ದ ಮೀನನ್ನು ನಮ್ಮವರು ಹರಾಜಿಗೂ ಇಡುವುದಿಲ್ಲ, ಇದನ್ನು ಊರ ಬಾಗಿಲಿಗೆ ಇಡುವುದು ಹೇಗೆ ಎನ್ನುತ್ತಿದ್ದಾರೆ. ಲಂಗರಿಗೆ ಬಣ್ಣ ಹೊಡೆಸಿದ್ದಾರಂತೆ," ಎಂದು ಕರೆನ್ ನೆಲ ನೋಡುತ್ತ ಹೇಳಿದಳು. ವರ್ಷವಿಡೀ ಬಸುರಿಯಾಗಿಯೂ ಬಾಣಂತಿಯಾಗಿಯೂ ಅವಳು ಕೆತ್ತಿದ ಕೆಲಸ ಅದು. ಒಪ್ಪದಿದ್ದರೆ ಅಷ್ಟು ದೊಡ್ಡ ಪ್ರಾಣಿಯನ್ನು ಇಡಲು ಅವಳಿಗೆ ಜಾಗವಿಲ್ಲ. ಒಡೆದು ರಸ್ತೆಗೆ ಜಲ್ಲಿ ಮಾಡಬೇಕು.

ಅಕ್ಕ ಅವರ ಮಾತಿನ ಅರ್ಥ ಕೇಳಿಕೊಂಡಳು. "ಅಷ್ಟೂ ಎಣ್ಣೆ ಹೊಯ್ದಿದ್ದು ಒಳ್ಳೇದಾಗ್ಲಿ ಅಂತ ಕಣೋ," ಎಂದಳು. ಆಮೇಲೆ ಊಟಕ್ಕೆ ಕರೆದರೂ ಬರಲಿಲ್ಲ.

ಗುರುವಾರ: ಮಳೆ

ಎರಡನೆಯ ಪಟ್ಟಿಯೂ ಉದುರಿತು. ಆಮೇಲೆ ಮಳೆ ಹಿಡಿಯಿತು. ಅವರ ಮಳೆಗೆ ನಮ್ಮ ಮಳೆಯ ಹಾಗೆ ಅಬ್ಬರವಿಲ್ಲ, ನೆಂಟರ ಮನೆಗೆ ಬಂದವರಂತೆ ಕೂತುಬಿಡುತ್ತದೆ. ಕಿಟಕಿಯಿಂದ ಅಂಗಳ ನೋಡುತ್ತಿದ್ದ ನಾನು ಕೊಡೆಯನ್ನೂ ಮರೆತು ಹೊರಗೆ ಹೋದೆ.

ಕಲೆ ಇರಲಿಲ್ಲ. ನೆನೆದ ಕಲ್ಲು ಮೂಗಿನಿಂದ ಬಾಲದವರೆಗೆ ಒಂದೇ ಕಪ್ಪು. ಕಪ್ಪಿನೊಳಗಿಂದ ಸಣ್ಣ ಸಣ್ಣ ಮಿಂಚು. ಆಗಷ್ಟೇ ನೀರಿನಿಂದೆದ್ದ ಪ್ರಾಣಿ ಅದು. ಬೆನ್ನ ಮೇಲಿಂದ ಇಳಿಯುವ ಮಳೆಯೂ ಕೆರೆಯ ನೀರೇ ಅನ್ನಿಸಿತು.

ಕರೆನ್ ಪಕ್ಕಕ್ಕೆ ಬಂದು ನಿಂತಳು. "ನನ್ನ ಕಣ್ಣಲ್ಲಿದ್ದದ್ದು ಇದು. ಬಿಸಿಲು ಬಂದರೆ ಒಣ ಹಲ್ಲಿಯ ಹಾಗೆ ಕಾಣುತ್ತದೆ. ಕಲೆ ಇಲ್ಲದಿದ್ದರೂ ನನಗೆ ಸಮಾಧಾನ ಇರಲಿಲ್ಲ," ಎಂದಳು.

"ಹಾಗಾದರೆ ಶನಿವಾರ ಮಳೆ ಬರಲಿ ಎಂದು ಬೇಡಿಕೊಳ್ಳೋಣ."

"ಭಾನುವಾರ ಒಣಗುತ್ತದಲ್ಲ."

ಮಧ್ಯಾಹ್ನ ಬಿಸಿಲು ಬಂತು. ಬಾಲ ಒಣಗಿತು, ಹೊಟ್ಟೆ ಒಣಗಿತು, ಬೆನ್ನು ಒಣಗಿತು. ಕಲೆ ಮಾತ್ರ ತನ್ನ ಜಾಗದಲ್ಲಿ ಕೂತಿತ್ತು.

ಶುಕ್ರವಾರ: ಕೂಸಿಗೆ ನೀರು

ಬೆಳಿಗ್ಗೆಯಿಂದ ನೀಲ್ಸ್ ಅಳು ನಿಲ್ಲಿಸಿರಲಿಲ್ಲ. ಕರೆನ್ ಎತ್ತಿಕೊಂಡು ಸುತ್ತಿ ಸುತ್ತಿ ಸೋತಿದ್ದಳು. ಅವಳಿಗೂ ರಾತ್ರಿ ನಿದ್ದೆಯಿಲ್ಲ. ಮಂಗಳವಾರದಿಂದ ಮಗುವಿನ ಹತ್ತಿರ ಸುಳಿಯದೆ ಮೂಲೆ ಹಿಡಿದಿದ್ದ ಅಕ್ಕ ಎದ್ದು ಬಂದಳು.

"ಮೈ ಒಣಗಿ ಉರೀತಾ ಐತೆ ಕಣೋ ಅದ್ಕೆ. ಒಂದ್ಸಲ ಎಣ್ಣೆನೀರು ಹಾಕ್ಲಾ ಕೇಳು. ಬ್ಯಾಡ ಅಂದ್ರೆ ಬ್ಯಾಡ."

ಕೇಳಿದೆ. ಕರೆನ್ ಅಕ್ಕನ ಕೈಗಳನ್ನು ನೋಡಿದಳು, ತುಂಬ ಹೊತ್ತು. ಆಮೇಲೆ ಮಗುವನ್ನು ಕೊಟ್ಟಳು.

ಅಡಿಗೆಮನೆಯ ನೆಲದ ಮೇಲೆ ಅಕ್ಕ ಕಾಲು ನೀಡಿ ಕೂತಳು. ಸೀರೆ ಮೇಲೆ ಸರಿಸಿ, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಕೂಸನ್ನು ಅಂಗಾತ ಮಲಗಿಸಿದಳು. ಉಗುರುಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಮೊದಲು ನೆತ್ತಿಗೆ ಹೊಯ್ದಳು. ಹಳದಿ ಕೂದಲಿನ ನಡುವೆ ಅಲ್ಲಷ್ಟೇ ಕಪ್ಪಾಯಿತು. ಎಣ್ಣೆ ಕೆನ್ನೆಗಿಳಿದು ಭುಜಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿ ಅವಳು ಸೆರಗು ಸಿಕ್ಕಿಸಿಕೊಳ್ಳುವಾಗ ನಾನು ಮಗುವನ್ನೇ ನೋಡುತ್ತಿದ್ದೆ. ಆ ಕಲೆ ನನಗೆ ಗೊತ್ತಿತ್ತು. ಮೂರು ದಿನದಿಂದ ಅಂಗಳದಲ್ಲಿ ನೋಡುತ್ತಿದ್ದದ್ದು ಅದನ್ನೇ.

ಅಕ್ಕ ಮುಂದುವರಿಸಿದಳು. ಮೂಗು ತೀಡಿದಳು, ಕೈಕಾಲು ನೀವಿ ಅಡ್ಡಡ್ಡ ಮಡಚಿದಳು, ಬೆನ್ನಿಗೆ ತಿಕ್ಕಿದಳು. ಎಣ್ಣೆ ಮೈಯೆಲ್ಲ ಹರಡಿತು. ಈಗ ಕೂಸು ತಲೆಯಿಂದ ಕಾಲಿನವರೆಗೆ ಒಂದೇ ಸಮ ಮಿರಮಿರ ಮಿಂಚುತ್ತಿತ್ತು. ಅಳು ಯಾವಾಗ ನಿಂತಿತೋ ಗೊತ್ತಿಲ್ಲ.

"ಕರೆನ್, ನಾವು ತೆಗೆಯಲು ಹೋಗಿ ಕೆಟ್ಟೆವು. ಹಚ್ಚಬೇಕು. ಪೂರ್ತಿ ಹಚ್ಚಬೇಕು," ಎಂದೆ.

ಆಕೆಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಕೊಟ್ಟಿಗೆಗೆ ಓಡಿ ಅದೇ ಕಲ್ಲಿನ ಒಂದು ಚೂರು, ಮರಕ್ಕೆ ಹಚ್ಚುವ ಅಗಸೆ ಎಣ್ಣೆಯ ಡಬ್ಬಿ ತಂದಳು. ಚೂರಿನ ಅರ್ಧಕ್ಕೆ ನಮ್ಮ ಹರಳೆಣ್ಣೆ ಹಾಕಿ, ಅದು ಹೀರಿಕೊಂಡ ಮೇಲೆ ಇಡೀ ಚೂರಿಗೆ ಅಗಸೆ ಎಣ್ಣೆ ತಿಕ್ಕಿ ಬಟ್ಟೆಯಲ್ಲಿ ಒರೆಸಿದಳು. ಒಂದು ಸಲ, ಮತ್ತೊಂದು ಸಲ. ಸಂಜೆಗೆ ಚೂರಿನ ಯಾವ ಅರ್ಧ ಯಾವುದೆಂದು ನನಗೇ ತಿಳಿಯಲಿಲ್ಲ. ಕಲ್ಲು ಮಳೆಯಲ್ಲಿ ನಿಂತ ಹಾಗೆ ಕಾಣುತ್ತಿತ್ತು.

ಅಡ್ಡ ಬಂದವಳು ನನ್ನಕ್ಕ.

"ದೇವ್ರಿಗೆ ಹಾಕ್ತಾರೆ, ಮನುಷ್ಯರಿಗೆ ಹಾಕ್ತಾರೆ. ಹಲ್ಲಿಗೆ ಎಣ್ಣೆ ಹಾಕ್ತಾರೇನ್ಲಾ? ನಾನು ಕಲ್ಲಿಗೆ ಹಾಕಿ ಕಳಿಸ್ದೆ. ಅದ್ನ ಹಲ್ಲಿ ಮಾಡ್ಕೊಂಡವ್ಳು ಅವಳು."

ನಾನು ಮಾತು ಸುತ್ತಿಸದೆ ಇದ್ದದ್ದನ್ನು ಕರೆನಳಿಗೆ ಹೇಳಿದೆ. ಅವಳು ಅಕ್ಕನ ಕೈಹಿಡಿದು ಪ್ರಾಣಿಯ ಹತ್ತಿರ ಕರೆದೊಯ್ದಳು. ಕಾಲುಳ್ಳ ಮೀನು ಮೊದಲು ನೆಲಕ್ಕೆ ಹತ್ತದಿದ್ದರೆ ಆಮೇಲೆ ಕಪ್ಪೆಯಿಲ್ಲ, ಹಕ್ಕಿಯಿಲ್ಲ, ಹಸುವಿಲ್ಲ, ನಾವಿಲ್ಲ ಎಂದಳು. ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತ ಹೋದೆ. ಅಕ್ಕ ನಂಬಿದಳೋ ಬಿಟ್ಟಳೋ. ಅವಳು ಬಗ್ಗಿ ಮುಂಗಾಲಿನ ಬೆರಳು ಮುಟ್ಟುತ್ತಿದ್ದಳು.

"ಐದವೆ ಕಣೋ," ಎಂದಳು.

"ಐದು."

"ಇದು ಗಂಡೋ ಹೆಣ್ಣೋ ಕೇಳು."

ಕೇಳಿದೆ. ಮೂಳೆ ನೋಡಿ ಅದನ್ನು ಹೇಳಲಾಗುವುದಿಲ್ಲ, ಯಾರಿಗೂ ಗೊತ್ತಿಲ್ಲ ಎಂದಳು ಕರೆನ್.

"ಈಗ ತಾನೆ ನೀರಿಂದ ಬಂದದೆ, ಏಳಕ್ಕೂ ಬರಾಕಿಲ್ಲ, ಹೆಸ್ರೂ ಇಲ್ಲ," ಎಂದಳು ಅಕ್ಕ ತನ್ನಷ್ಟಕ್ಕೆ. ಆಮೇಲೆ ನನ್ನ ಕಡೆ ತಿರುಗಿ, "ಎಣ್ಣೆ ಬೆಚ್ಚಗೆ ಮಾಡ್ಕೊಳ್ಳಕ್ಕೆ ಹೇಳು. ತಣ್ಣಗೆ ಹಾಕಬಾರ್ದು," ಎಂದಳು.

ಒಳಗೆ ಮಲಗಿದ್ದ ನೀಲ್ಸನ ಕೆನ್ನೆಗೆ ಅವಳು ಅಷ್ಟರಲ್ಲಿ ಕಾಡಿಗೆಯಲ್ಲಿ ದೃಷ್ಟಿಬೊಟ್ಟು ಇಟ್ಟಿದ್ದಳು. ಕರೆನ್ ಒರೆಸಲು ಹೋದಾಗ ನಾನು ತಡೆದೆ. "ಕೂಸು ಚೆಂದಾಗಿದ್ದರೆ ಕಣ್ಣು ಬೀಳುತ್ತದೆ. ಅದಕ್ಕೆ ಸಣ್ಣದೊಂದು ಕೊರತೆ ನಾವೇ ಇಟ್ಟುಬಿಡುತ್ತೇವೆ," ಎಂದೆ. ಅವಳು ನಕ್ಕು ಬೊಟ್ಟನ್ನು ಹಾಗೇ ಬಿಟ್ಟಳು. ಆ ರಾತ್ರಿ ಮಗು ಎಚ್ಚರವಾಗಲಿಲ್ಲವಂತೆ.

ಶನಿವಾರ: ಬಂದರಿನ ಕಟ್ಟೆ

ಪ್ರಾಣಿಯನ್ನು ಲಾರಿಯಲ್ಲಿ ತಂದು ಕಟ್ಟೆಯ ಪಕ್ಕ ಇಳಿಸಿದ್ದರು. ಒಂದು ಕಡೆ ಸಮುದ್ರ, ಒಂದು ಕಡೆ ಹೊಸ ಬಣ್ಣ ಹೊಡೆದ ಲಂಗರು. ಸಮಿತಿಯವರೆಲ್ಲ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದರು. ಸುಡುವ ಬಿಸಿಲು ಎನ್ನಲಾರೆ, ಆದರೆ ಕಲೆ ತೋರಿಸುವಷ್ಟು ಬಿಸಿಲಿತ್ತು. ಕರೆನಳ ಡಬ್ಬಿಯ ಎಣ್ಣೆ ಚೂರಿಗಷ್ಟೇ ಸಾಕಾಗಿತ್ತು, ಪ್ರಾಣಿಗೆ ಇನ್ನೂ ಹಚ್ಚಿರಲಿಲ್ಲ.

ನಾನು ಕೋಟು ಹಾಕಿಕೊಂಡೇ ಹೋಗಿದ್ದೆ, ಬೆನ್ನಿನ ಕಲೆ ಸಮೇತ. ಹೋಲ್ಗರ್ ನನ್ನ ಸುತ್ತ ಒಂದು ಸುತ್ತು ಬಂದು, ಕಲ್ಲನ್ನು ನೋಡಿ, ಮತ್ತೆ ನನ್ನನ್ನು ನೋಡಿದರು. ನಾನು ಕಲ್ಲಿನ ಚೂರನ್ನು ಅವರ ಕೈಗಿಟ್ಟು ಕಲೆ ಎಲ್ಲಿದೆ ತೋರಿಸಿ ಎಂದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. ಎಣ್ಣೆಯ ವಾಸನೆ ಹಿಡಿದರು. ದೋಣಿಯವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ.

"ಇದು ನಿಲ್ಲುವುದಿಲ್ಲ. ಒಂದು ಚಳಿಗಾಲ ಕಳೆದರೆ ಎಣ್ಣೆ ಹೋಗುತ್ತದೆ, ಕಲೆ ಮೇಲೇಳುತ್ತದೆ," ಎಂದರು. ಕರೆನ್ ನಡುವೆ ನಿಂತು ಎರಡು ಕಡೆಯ ಮಾತನ್ನೂ ದಾಟಿಸುತ್ತಿದ್ದಳು.

"ನಿಮ್ಮ ದೋಣಿಗೆ ಯಾವಾಗ ಎಣ್ಣೆ ಹಚ್ಚುತ್ತೀರಿ?"

"ಪ್ರತಿ ವಸಂತದಲ್ಲಿ."

"ಹೋದ ವರ್ಷ ಹಚ್ಚಿದ್ದು ಹೋಯಿತು ಅಂತ ದೋಣಿ ಸುಟ್ಟುಬಿಡುತ್ತೀರಾ?"

ಅವರು ಚೂರನ್ನು ನನ್ನ ಕೈಗೆ ವಾಪಸು ಕೊಟ್ಟರು. ಆಮೇಲೆ, "ಇದಕ್ಕೆ ಯಾರು ಹಚ್ಚುತ್ತಾರೆ?" ಎಂದರು.

ಇಲ್ಲಿ ಓದುಗರು ಗಮನಿಸಬೇಕು. ವ್ಯವಹಾರದಲ್ಲಿ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಬಂತೆಂದರೆ ವ್ಯವಹಾರ ಮುಕ್ಕಾಲು ಮುಗಿದ ಹಾಗೆ. ಆ ಪ್ರಶ್ನೆಗೆ ಉತ್ತರ ಕೊಡಬಾರದು. ಕೇಳಿದವನ ಮುಖವನ್ನೇ ನೋಡುತ್ತ ಸುಮ್ಮನೆ ನಿಂತಿರಬೇಕು. ನಾನು ನಿಂತೆ. ಸಮುದ್ರದ ಹಕ್ಕಿಗಳು ಕೂಗುತ್ತಿದ್ದವು.

"ವಸಂತದಲ್ಲಿ ಡಬ್ಬಿಯ ತಳದಲ್ಲಿ ಹೇಗೂ ಒಂದಿಷ್ಟು ಎಣ್ಣೆ ಉಳಿಯುತ್ತದೆ," ಎಂದರು ಹೋಲ್ಗರ್ ಕೊನೆಗೆ. ಆದರೆ ಅವರೂ ವ್ಯಾಪಾರ ಬಲ್ಲವರು. "ಮುಂದಿನ ವಸಂತದವರೆಗೆ ಮಾತ್ರ. ಆಗಲೂ ಚೆನ್ನಾಗಿ ಕಾಣದಿದ್ದರೆ?"

ನನ್ನ ಕೈಯಲ್ಲಿ ಇದ್ದದ್ದು ಒಂದೇ. "ಇದೇ ಅಳತೆಯ ಬೇರೆ ಕಲ್ಲು ಕಳಿಸುತ್ತೇನೆ. ನನ್ನ ಖರ್ಚಿನಲ್ಲಿ. ಎಣ್ಣೆ ಹಾಕದೆ."

ಕ್ವಾರಿಯ ಆ ಮಗ್ಗುಲಲ್ಲಿ ಅಷ್ಟು ದೊಡ್ಡ ಕಲ್ಲು ಮತ್ತೊಂದಿರಲಿಲ್ಲ. ಕರೆನಳಿಗೂ ಅದು ಸಣ್ಣ ಮಾತಲ್ಲ. ಇನ್ನೊಂದು ಕಲ್ಲು ಅಂದರೆ ಇನ್ನೊಂದು ವರ್ಷದ ಕೆತ್ತನೆ. ಆದರೂ ಅವಳು ನನ್ನ ಮಾತನ್ನು ಅಳುಕದೆ ದಾಟಿಸಿದಳು.

"ಏನಂದೆ ಅವ್ರಿಗೆ?" ಎಂದು ಅಕ್ಕ ನನ್ನ ಕೋಟು ಹಿಡಿದೆಳೆದಳು. ಹೇಳಿದೆ.

"ಎಣ್ಣೆ ಹಾಕ್ದೆ ಕಳಿಸ್ತೀಯಾ? ನಾನು ಬದುಕಿರೋವರ್ಗೂ ಆಗಾಕಿಲ್ಲ ಬುಡು," ಎಂದಳು.

ಹೋಲ್ಗರ್ ಅವಳು ಹೇಳಿದ್ದೇನೆಂದು ಕೇಳಿದರು. ಈ ಸಲ ಪೂರ್ತಿ ಭಾಷಾಂತರ ಮಾಡಿದೆ. ಅವರ ಗಡ್ಡದೊಳಗೆ ಏನೋ ಅಲುಗಿತು. ತಮ್ಮ ದೋಣಿಗೆ ಹೋಗಿ ಅಗಸೆ ಎಣ್ಣೆಯ ದೊಡ್ಡ ಡಬ್ಬಿ ತಂದು ಅಕ್ಕನ ಮುಂದಿಟ್ಟರು. ಅಕ್ಕ ಬೆರಳಿಟ್ಟು ನೋಡಿ, ತಣ್ಣಗಿದೆ ಎಂದು ವಾಪಸು ಕೊಟ್ಟಳು. ಸಮಿತಿಯ ಮುಖ್ಯಸ್ಥರು ಹೋಗಿ ದೋಣಿಯ ಸ್ಟವ್ವಿನ ಮೇಲೆ ಬಿಸಿನೀರಿನಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿಕೊಂಡು ಬಂದರು.

ಬಾಲದ ಕಡೆ ಕರೆನ್, ನಡುವೆ ನಾನು, ತಲೆಗೆ ಅಕ್ಕ. ನೆತ್ತಿಯಿಂದ ಶುರುಮಾಡಿ ಮೂಗನ್ನು ಹೆಬ್ಬೆರಳಲ್ಲಿ ತೀಡಿದಳು. ಕೋಟಿ ವರ್ಷದ ಚಪ್ಪಟೆ ಮೂಗು ಅವಳ ಕೈಯಲ್ಲಿ ನೆಟ್ಟಗಾದೀತು ಎಂಬ ನಂಬಿಕೆಯಲ್ಲಿ. ಐದೈದು ಬೆರಳಿಗೂ ಬೇರೆ ಬೇರೆಯಾಗಿ ಹಚ್ಚಿದಳು. ಮೀನು ಪೆಟ್ಟಿಗೆ ಹೊತ್ತು ಹೋಗುತ್ತಿದ್ದ ಹೆಂಗಸರು ಪೆಟ್ಟಿಗೆ ಇಳಿಸಿ ನಿಂತರು. ಒಬ್ಬಾಕೆ ತಾನೂ ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಒರೆಸುವ ಕೈಗಳು ಹೆಚ್ಚಿದ ಹಾಗೆಲ್ಲ ಪ್ರಾಣಿ ಕಪ್ಪಗಾಗುತ್ತ ಬಂತು, ಹಸಿಯಾಗುತ್ತ ಬಂತು. ಕೊನೆಗೆ ಸಮುದ್ರಕ್ಕೆ ಬೆನ್ನು ಮಾಡಿ ಈಗಷ್ಟೇ ಹತ್ತಿಬಂದ ಹಾಗೆ ಕೂತಿತು. ಕಲೆ ಎಲ್ಲಿತ್ತು ತೋರಿಸು ಎಂದರೆ ಕರೆನಳಿಂದಲೂ ಆಗಲಿಲ್ಲ.

ಹೋಲ್ಗರ್ ಒಂದು ಮಾತು ಹೇಳಿದರು. ಇಬ್ಬರು ಹೋಗಿ ಲಂಗರನ್ನು ಕೈಗಾಡಿಯಲ್ಲಿ ಗೋಡೌನಿನ ಕಡೆ ತೆಗೆದುಕೊಂಡು ಹೋದರು. ಕರೆನ್ ಎಣ್ಣೆ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ನಾನು ಎಲ್ಲರ ಕೈಕುಲುಕುತ್ತಿದ್ದೆ. ತಿರುಗಿ ನೋಡಿದರೆ ಅಕ್ಕ ಕಾಡಿಗೆ ಡಬ್ಬಿ ತೆಗೆದಿದ್ದಳು.

"ಅಕ್ಕ, ಬ್ಯಾಡ," ಎನ್ನುವಷ್ಟರಲ್ಲಿ ಆಗಿಹೋಯಿತು. ಪ್ರಾಣಿಯ ಎಡ ಕೆನ್ನೆಯ ಮೇಲೆ, ಅಚ್ಚುಕಟ್ಟಾಗಿ, ಒಂದು ರೂಪಾಯಿಯಗಲ ಕರಿ ಬೊಟ್ಟು. ಇಷ್ಟೆಲ್ಲ ಮಾಡಿದ್ದು ಒಂದು ಕಲೆ ಹೋಗಲಿ ಎಂದು.

ಹೋಲ್ಗರ್ ನೋಡಿದರು. ಹತ್ತಿರ ಬಂದು ಬಗ್ಗಿದರು. ಆಮೇಲೆ ಪಕ್ಕದಲ್ಲಿದ್ದ ತಳ್ಳುಬಂಡಿಯಲ್ಲಿ ಕಣ್ಣರಳಿಸಿ ಮಲಗಿದ್ದ ನೀಲ್ಸನನ್ನು ನೋಡಿದರು. ಅವನ ಎಡ ಕೆನ್ನೆಯ ಮೇಲೂ ಅದೇ ಬೊಟ್ಟು.

"ಇದೂ ಒಪ್ಪಂದದಲ್ಲಿ ಸೇರಿದೆಯೋ?" ಎಂದು ನನ್ನನ್ನು ಕೇಳಿದರು.

ಎಂಥ ಮಾತಿಗೂ ಎದುರು ಮಾತು ಇಟ್ಟುಕೊಂಡಿರುವ ನಾನು ಬಾಯಿ ತೆರೆಯುವ ಮುಂಚೆ ಅಕ್ಕನೇ ಹೌದೆಂದು ತಲೆಯಾಡಿಸಿದಳು. ಮುದುಕ ಒರೆಸುವ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಗುಬ್ಬಿ

ಮುಂದಿನ ವಸಂತದವರೆಗೆ ನಾನು ನೆಮ್ಮದಿಯಿಂದ ಇರಲಿಲ್ಲ ಎಂದು ಹೇಳಬೇಕಾಗಿಲ್ಲ. ಕ್ವಾರಿಗೆ ಹೋದಾಗಲೆಲ್ಲ ಅಂಥದ್ದೇ ಕಲ್ಲು ಎಲ್ಲಾದರೂ ಇದೆಯೇ ಎಂದು ಕಣ್ಣು ಹುಡುಕುತ್ತಿತ್ತು. ನಮ್ಮಲ್ಲಿ ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಮೇಲೆ ಹ್ಯಾಂಬರ್ಗಿನ ವ್ಯಾಪಾರಿ ಬಟವಾಡಿಯ ಯಾರ್ಡಿಗೆ ಬಂದ. ಬೇರೆ ಕಲ್ಲಿನ ಮಾತೇ ಎತ್ತಲಿಲ್ಲ. ನಾನೇ ತಡೆಯಲಾರದೆ ಕೇಳಿದೆ. ಮಂಜು ಕರಗುವ ಮುಂಚೆಯೇ ಆ ಊರಿನ ಮಕ್ಕಳು ಎಣ್ಣೆ ಹಚ್ಚುವುದು ಯಾವಾಗ ಎಂದು ಹೋಲ್ಗರ್ ಬೆನ್ನು ಹತ್ತಿದ್ದರಂತೆ. ದೋಣಿಗಳಿಗೆ ಹಚ್ಚಿದ ದಿನವೇ ಅದಕ್ಕೂ ಹಚ್ಚಿದರಂತೆ. ನೀಲ್ಸನೂ ಅದರ ಬಾಲ ಹಿಡಿದು ನಿಂತಿದ್ದನಂತೆ.

ಅಂದೇ ಬಸ್ಸು ಹಿಡಿದು ಗುಬ್ಬಿಗೆ ಹೋದೆ. ಅಕ್ಕ ಪಕ್ಕದ ಮನೆಯ ಬಚ್ಚಲಲ್ಲಿ ಕಾಲು ನೀಡಿ ಕೂತು ಹೊಸ ಕೂಸೊಂದಕ್ಕೆ ನೀರು ಹಾಕುತ್ತಿದ್ದಳು. ಬಾಗಿಲಲ್ಲೇ ನಿಂತು ಸುದ್ದಿ ಹೇಳಿದೆ.

"ಎಣ್ಣೆ ಬೆಚ್ಚಗೆ ಮಾಡ್ಕೊಂಡ್ರಂತಾ?" ಎಂದಳು ತಲೆಯೆತ್ತದೆ.

"ಮಾಡ್ಕೊಂಡ್ರಂತೆ."

"ಮೂಗು ತೀಡಿದ್ರಂತಾ?"

"ಅದ್ನ ಕೇಳ್ಲಿಲ್ಲ ಅಕ್ಕ."

"ಮುಖ್ಯವಾದದ್ದೇ ಕೇಳ್ಲಿಲ್ಲ ನೀನು," ಎಂದು ಚೊಂಬು ಎತ್ತಿದಳು.

ಬಾಗಿಲ ಸಂದಿಯಿಂದ ಬಾಣಂತಿ ಹುಡುಗಿ ಇಣುಕಿದಳು. "ಯಾರ ಮನೆ ಕೂಸು ದೊಡ್ಡಮ್ಮ? ಗಂಡೋ ಹೆಣ್ಣೋ?"

ಅಕ್ಕ ಕೂಸಿನ ಮೈಮೇಲೆ ನೀರು ಬಿಟ್ಟಳು.

"ಅದಿನ್ನೂ ಗೊತ್ತಾಗಿಲ್ಲ ಕಣೇ," ಎಂದಳು. "ಬೆರಳು ಮಾತ್ರ ಐದವೆ."